ಮಾಂಸದ ಅಡುಗೆಗೆ ಯಾವ ಬಿಯರ್? ಕುದಿಸಿದ ಮೇಲೆ ಉಳಿಯುವುದನ್ನು ನೋಡಿ ಆರಿಸಿ

ವೈನ್ ಹಾಕಿ ಅಡುಗೆ ಮಾಡುವವರಲ್ಲಿ ಒಂದು ಮಾತು ರೂಢಿಯಲ್ಲಿದೆ: ಕುಡಿಯಲು ಮನಸ್ಸಾಗದ ವೈನನ್ನು ಪಾತ್ರೆಗೂ ಸುರಿಯಬೇಡಿ. ವೈನಿಗೆ ಈ ಮಾತು ಸರಿ. ಬಿಯರಿಗೆ ಇದನ್ನೇ ನೆಚ್ಚಿಕೊಂಡರೆ ಒಂದು ಕೆಜಿ ಒಳ್ಳೆಯ ಮಾಂಸ ಕಹಿಯಾಗಿ ಕೈಗೆ ಬರುತ್ತದೆ. ಗ್ಲಾಸಿನಲ್ಲಿ ಮಾವು, ಕಿತ್ತಳೆ ಸಿಪ್ಪೆ ಎಂದೆಲ್ಲ ಘಮಘಮಿಸುವ ಐಪಿಎ ಎಂಬ ದುಬಾರಿ ಕಹಿ ಬಿಯರು ಒಲೆಯ ಮೇಲೆ ಅರ್ಧ ಗಂಟೆಯಲ್ಲಿ ಬೇವಿನ ಕಷಾಯದ ದಾರಿ ಹಿಡಿಯುತ್ತದೆ. ಕುಡಿಯುವಾಗ ‘ಏನೋ ಸಿಹಿಸಿಹಿ, ಮಂದ’ ಎಂದು ಪಕ್ಕಕ್ಕಿಟ್ಟ ಕಂದು ಬಣ್ಣದ ಬಿಯರು ಅದೇ ಪಾತ್ರೆಯಲ್ಲಿ ಒಳ್ಳೆಯ ಗ್ರೇವಿಯಾಗುತ್ತದೆ.

ಹೀಗಾಗುವುದಕ್ಕೆ ಕಾರಣ ಬಿಯರು ಕುದಿಯುವಾಗ ಏನು ಹಾರಿಹೋಗುತ್ತದೆ, ಏನು ತಳದಲ್ಲಿ ಉಳಿಯುತ್ತದೆ ಎಂಬುದರಲ್ಲಿದೆ.

ಬಿಯರಿನಲ್ಲಿ ಮೂಲತಃ ಇರುವುದು ನಾಲ್ಕು: ನೀರು, ಮಾಲ್ಟ್, ಹಾಪ್ಸ್, ಯೀಸ್ಟ್. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ನಮ್ಮ ರಾಗಿ ಮಾಲ್ಟಿಗೆ ರಾಗಿ ಮೊಳಕೆ ಕಟ್ಟುವುದೂ ಇದೇ ಕ್ರಮ. ಹಾಪ್ಸ್ ಒಂದು ಬಳ್ಳಿಯ ಹೂ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಇದನ್ನು ಬೆಳೆಯುತ್ತಾರೆ. ಬಿಯರಿನ ಕಹಿಯೆಲ್ಲ ಹೆಚ್ಚುಕಡಿಮೆ ಈ ಹೂವಿನದು, ಹೂವಿನ-ಹಣ್ಣಿನ ಘಮದಲ್ಲೂ ದೊಡ್ಡ ಪಾಲು ಇದರದೇ. ಬಾಳೆಹಣ್ಣು, ಲವಂಗದಂಥ ವಾಸನೆಗಳು ಯೀಸ್ಟಿನಿಂದ ಬರುತ್ತವೆ. ಬ್ರೆಡ್ಡು, ಕ್ಯಾರಮೆಲ್, ಕಾಫಿಯ ರುಚಿ ಮಾಲ್ಟಿನದು. ಮಾಲ್ಟನ್ನು ಎಷ್ಟು ಹುರಿದಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ.

ಈಗ ಇದನ್ನು ಒಲೆಯ ಮೇಲಿಡಿ. ಗ್ಯಾಸು ಮೊದಲ ನಿಮಿಷದಲ್ಲೇ ಹೋಗುತ್ತದೆ. ಹಾಪ್ಸಿನ ಘಮ ಆವಿಯ ಜೊತೆ ಅಡುಗೆಮನೆಯ ತುಂಬ ಹರಡುತ್ತದೆ, ಪಾತ್ರೆಯಲ್ಲಿ ಉಳಿಯುವುದಿಲ್ಲ. ಆಲ್ಕೊಹಾಲೂ ನಿಧಾನವಾಗಿ ಕಡಿಮೆಯಾಗುತ್ತದೆ. ಉಳಿಯುವುದು ಮಾಲ್ಟಿನ ಸಕ್ಕರೆಗಳು, ಪ್ರೋಟೀನು, ಬಣ್ಣ, ಒಂದಿಷ್ಟು ಹುಳಿ; ಜೊತೆಗೆ, ಪೂರ್ತಿ ಎನ್ನುವಷ್ಟು, ಕಹಿ. ಹಾಪ್ಸಿನ ಕಹಿ ಆವಿಯಾಗುವ ಜಾತಿಯದಲ್ಲ. ಬ್ರೂವರಿಯಲ್ಲಿ ಹಾಪ್ಸನ್ನು ಒಂದು ಗಂಟೆಯಷ್ಟು ಕುದಿಸಿಯೇ ಆ ಕಹಿಯನ್ನು ನೀರಿಗೆ ಇಳಿಸಿರುತ್ತಾರೆ. ಅಲ್ಲಿ ಕುದಿದು ಬಂದದ್ದು ನಮ್ಮ ಮನೆಯ ಕುದಿತಕ್ಕೆ ಬಗ್ಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತಾ ಹೋಗುತ್ತದೆ.

ಕಹಿಯನ್ನು ಅಳೆಯಲು ಬ್ರೂವರಿಯವರು ಐಬಿಯು ಎಂಬ ಮಾಪಕ ಬಳಸುತ್ತಾರೆ. ಒಂದು ಐಬಿಯು ಎಂದರೆ ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಕಹಿ ಪದಾರ್ಥ. ನಮ್ಮಲ್ಲಿ ಎಲ್ಲೆಡೆ ಸಿಗುವ ಮೈಲ್ಡ್ ಲಾಗರುಗಳು, ಅಂದರೆ ತಿಳಿ ಬಂಗಾರದ ಸಾಮಾನ್ಯ ಬಿಯರುಗಳು, 10ರಿಂದ 20ರ ಒಳಗಿರುತ್ತವೆ, ಗೋಧಿ ಬಿಯರು 10ರಿಂದ 15, ಐಪಿಎ 40ರಿಂದ 70. ಜೆಕ್ ದೇಶದ ಪಿಲ್ಸೆನ್ ಊರಿನಲ್ಲಿ 1842ರಿಂದ ಮಾಡುತ್ತಿರುವ ಪಿಲ್ಸ್ನರ್ ಉರ್ಕ್ವೆಲ್ ನೋಡಲು ನಮ್ಮ ಲಾಗರಿನಷ್ಟೇ ತಿಳಿ ಬಂಗಾರ, ಕಹಿ ಮಾತ್ರ 40ರ ಹತ್ತಿರ. ಬಣ್ಣ ನೋಡಿ ಕಹಿ ಊಹಿಸಬಾರದು ಎನ್ನುವುದಕ್ಕೆ ಇದೊಂದೇ ಸಾಕು.

15 ಐಬಿಯು ಇರುವ ಲಾಗರನ್ನು ಕಾಲು ಭಾಗಕ್ಕೆ ಇಂಗಿಸಿದರೆ ಅದು ಲೆಕ್ಕಕ್ಕೆ 60 ಆಯಿತು, ಅಂದರೆ ಒಂದು ಐಪಿಎ ಕುಡಿದಷ್ಟು. ತಡೆದುಕೊಳ್ಳಬಹುದು. 60ರ ಐಪಿಎಯನ್ನು ಕಾಲಿಗೆ ಇಂಗಿಸಿದರೆ 240. ಇದು ಕಾಗದದ ಲೆಕ್ಕ, ಒಂದಿಷ್ಟು ಕಹಿ ಕೊಬ್ಬಿಗೆ, ಪಾತ್ರೆಯ ಅಂಚಿನ ನೊರೆಗೆ ಅಂಟಿಕೊಂಡು ಕಡಿಮೆಯಾದೀತು. ಆದರೂ ಆ ಗ್ರೇವಿಯನ್ನು ಸಕ್ಕರೆ ಹಾಕಿ ಉಳಿಸಿಕೊಳ್ಳಲಾಗದು. ವೈನಿನಲ್ಲಿ ಹಾಪ್ಸ್ ಇಲ್ಲ, ಹಾಗಾಗಿ ಅದನ್ನು ಪಾಕದಷ್ಟು ಗಟ್ಟಿ ಮಾಡಿದರೂ ನಡೆಯುತ್ತದೆ. ವೈನಿನಿಂದ ಕಲಿತ ಕೈ ಬಿಯರಿನಲ್ಲಿ ಎಡವುವುದು ಇಲ್ಲೇ.

ಬಾಟಲಿಯ ಮೇಲೆ ಐಬಿಯು ಬರೆದಿರುವುದು ಅಪರೂಪ. ಅದಕ್ಕೆ ಒಂದು ಪರೀಕ್ಷೆ ಇದೆ. ಮಾಂಸಕ್ಕೆ ಹಾಕುವ ಮೊದಲು 200 ಮಿಲಿ ಬಿಯರನ್ನು ಅಗಲವಾದ ಚಿಕ್ಕ ಪಾತ್ರೆಗೆ ಹಾಕಿ ಕುದಿಯಲು ಬಿಡಿ. ಮೊದಲು ಹಾಲು ಉಕ್ಕಿದ ಹಾಗೆ ನೊರೆ ಏರುತ್ತದೆ, ಆಗ ಉರಿ ತಗ್ಗಿಸಬೇಕು. ನೊರೆ ಇಳಿದ ಮೇಲೆ ಬರುವ ವಾಸನೆ ಗಮನಿಸಿ: ಮೊದಲಿಗೆ ಹಾಪ್ಸಿನದು, ಸೊಪ್ಪು ಹಿಸುಕಿದ ಹಾಗೆ, ಐದಾರು ನಿಮಿಷ ಕಳೆದರೆ ಅದು ಮಾಯವಾಗಿ ಬೇಕರಿಯ ಮುಂದೆ ನಿಂತಂಥ ಬ್ರೆಡ್ಡಿನ ವಾಸನೆ. ಬಣ್ಣ ಒಂದು ಛಾಯೆ ಗಾಢವಾಗುತ್ತದೆ, ಗುಳ್ಳೆಗಳು ದೊಡ್ಡದಾಗಿ ನಿಧಾನವಾಗಿ ಒಡೆಯತೊಡಗುತ್ತವೆ. 50 ಮಿಲಿಯಷ್ಟು ಉಳಿದಾಗ ಇಳಿಸಿ, ಆರಿಸಿ, ಅರ್ಧ ಚಮಚ ನಾಲಿಗೆಯ ಮೇಲೆ ಹಾಕಿಕೊಳ್ಳಿ. ಮೊದಲು ಸಿಹಿ ತಾಗುತ್ತದೆ, ಕಹಿ ತಡವಾಗಿ, ನಾಲಿಗೆಯ ಬುಡದಲ್ಲಿ ಎದ್ದು ನಿಲ್ಲುತ್ತದೆ. ನುಂಗಿ ಅರ್ಧ ನಿಮಿಷವಾದರೂ ಅದು ಅಲ್ಲೇ ಕೂತಿದ್ದರೆ ಆ ಬಿಯರು ಊಟದ ಜೊತೆ ಕುಡಿಯಲು ಇರಲಿ. ಸಿಹಿಯೂ ಬ್ರೆಡ್ಡಿನ ರುಚಿಯೂ ಮುಂದೆ ನಿಂತರೆ ಅದು ಅಡುಗೆಗೆ. ಪಿಂಟ್ ಬಾಟಲಿಯ ಬೆಲೆಯಲ್ಲಿ ಮಾಂಸದ ಬೆಲೆ ಉಳಿಯುತ್ತದೆ.

ಬಿಯರಿನಲ್ಲಿ ಮಾಂಸ ಬೇಯಿಸುವುದನ್ನು ಕಲಿಯಬೇಕೆಂದರೆ ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಪ್ರದೇಶದ ಕಡೆ ನೋಡಬೇಕು. ದ್ರಾಕ್ಷಿ ಚೆನ್ನಾಗಿ ಬೆಳೆಯುವ ಫ್ರಾನ್ಸಿನ ಬರ್ಗಂಡಿಯಲ್ಲಿ ದನದ ಮಾಂಸವನ್ನು ಕೆಂಪು ವೈನಿನಲ್ಲಿ ಬೇಯಿಸಿದರೆ, ಬಾರ್ಲಿಯ ನಾಡಾದ ಫ್ಲಾಂಡರ್ಸಿನಲ್ಲಿ ಅದೇ ಕೆಲಸವನ್ನು ಬಿಯರಿಗೆ ಒಪ್ಪಿಸಿದರು. ಡಚ್ ಮಾತಾಡುವವರು ಸ್ಟೋಫ್‌ವ್ಲೇಸ್ ಎನ್ನುತ್ತಾರೆ, ಫ್ರೆಂಚ್ ಮಾತಾಡುವವರು ಕಾರ್ಬೊನಾಡ್ ಫ್ಲಾಮಾಂದ್. ಗಟ್ಟಿ ಮಾಂಸದ ದೊಡ್ಡ ತುಂಡುಗಳನ್ನು ಬೆಣ್ಣೆಯಲ್ಲಿ ಕಂದಾಗುವವರೆಗೆ ಹುರಿದು ತೆಗೆಯುವುದು, ಅದೇ ಪಾತ್ರೆಯಲ್ಲಿ ಬೇಕಾದಷ್ಟು ಈರುಳ್ಳಿಯನ್ನು ನಿಧಾನವಾಗಿ ಬಾಡಿಸುವುದು, ಕಂದು ಬಿಯರು ಸುರಿದು ಎರಡು ಮೂರು ಗಂಟೆ ಸಣ್ಣ ಉರಿಯಲ್ಲಿ ಇಡುವುದು. ನಡುವೆ ಒಂದು ಬ್ರೆಡ್ ಹೋಳಿಗೆ ಸಾಸಿವೆಯ ಪೇಸ್ಟ್ ಬಳಿದು ಮೇಲೆ ಇಡುತ್ತಾರೆ. ಬ್ರೆಡ್ ಕರಗಿ ಗ್ರೇವಿ ಮಂದವಾಗುತ್ತದೆ. ಕೊನೆಗೆ ಚೂರು ಕಂದು ಸಕ್ಕರೆ, ಒಂದು ಚಮಚ ವಿನೆಗರ್. ಪಕ್ಕಕ್ಕೆ ಕರಿದ ಆಲೂಗಡ್ಡೆ.

ಈ ಪಟ್ಟಿಯಲ್ಲಿ ಒಂದೂ ಸುಮ್ಮನೆ ಬಂದದ್ದಲ್ಲ. ಈರುಳ್ಳಿ, ಸಕ್ಕರೆ ಸಿಹಿಗೆ. ವಿನೆಗರ್, ಸಾಸಿವೆ ಚುರುಕಿಗೆ. ಉಪ್ಪು ಮತ್ತು ಕೊಬ್ಬು ಕಹಿಯನ್ನು ಅಡಗಿಸುವುದಕ್ಕೆ. ಉಪ್ಪಿಗೆ ಕಹಿಯನ್ನು ನಾಲಿಗೆಯ ಮೇಲೆ ಮಂಕಾಗಿಸುವ ಗುಣವಿದೆ, ಹಾಗಲಕಾಯಿಗೆ ಉಪ್ಪು ಹಚ್ಚುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಯರೂ ಫ್ಲಾಂಡರ್ಸಿನವರಿಗೆ ಇಂಥದ್ದೇ ಬೇಕು. ರುಸೆಲಾರೆ ಊರಿನ ರೋಡೆನ್‌ಬಾಕ್‌ನಂಥ, ಮರದ ಪೀಪಾಯಿಗಳಲ್ಲಿ ಹಳೆಯದಾಗಿಸಿದ ಕೆಂಗಂದು ಹುಳಿ ಬಿಯರು, ಇಲ್ಲವೇ ಕ್ರೈಸ್ತ ಸನ್ಯಾಸಿ ಮಠಗಳಿಂದ ಬರುವ ವೆಸ್ಟ್‌ಮಾಲೆ, ಶಿಮೇಗಳಂಥ ಕಂದು ಬಿಯರು. ಎರಡರಲ್ಲೂ ಹಾಪ್ಸ್ ಹಿಂದೆ ಸರಿದು ಮಾಲ್ಟ್ ಮುಂದೆ ನಿಂತಿರುತ್ತದೆ.

ಈರುಳ್ಳಿಯ ವಿಷಯದಲ್ಲಿ ಒಂದು ಎಚ್ಚರ. ಬಿಯರು ಸ್ವಲ್ಪ ಹುಳಿ, ಹುಳಿಯಲ್ಲಿ ಈರುಳ್ಳಿ ಬೇಗ ಮೆತ್ತಗಾಗುವುದಿಲ್ಲ. ಪೂರ್ತಿ ಬಾಡಿ ಜೇನಿನ ಬಣ್ಣಕ್ಕೆ ಬಂದ ಮೇಲೆಯೇ ಬಿಯರು ಸುರಿಯಿರಿ. ಇಲ್ಲದಿದ್ದರೆ ಎರಡು ಗಂಟೆಯ ನಂತರವೂ ಗ್ರೇವಿಯಲ್ಲಿ ಈರುಳ್ಳಿ ಎಳೆಗಳು ತೇಲುತ್ತಿರುತ್ತವೆ.

ನಮ್ಮಲ್ಲಿ ಇದನ್ನು ಕುರಿಯ ಭುಜದ ಮಾಂಸದಲ್ಲಿ, ಹಂದಿಯ ಭುಜದಲ್ಲಿ ಮಾಡಿದರೂ ಚೆನ್ನಾಗಿಯೇ ಬರುತ್ತದೆ. ಮೂಳೆ, ನಾರು, ಕೊಬ್ಬು ಇರುವ ಭಾಗವೇ ಬೇಕು. ಗಂಟೆಗಟ್ಟಲೆ ಬೇಯುವಾಗ ನಾರು ಕರಗಿ ಜಿಲಾಟಿನ್ ಆಗುತ್ತದೆ, ಆ ಅಂಟು ಗ್ರೇವಿಗೆ ಮೈ ಕೊಡುತ್ತದೆ. ಕಂದು ಸಕ್ಕರೆಯ ಜಾಗಕ್ಕೆ ನಿಂಬೆ ಗಾತ್ರದ ಬೆಲ್ಲ ಧಾರಾಳ. ಒಂದು ಕೆಜಿ ಮಾಂಸಕ್ಕೆ ಅರ್ಧ ಲೀಟರ್ ಬಿಯರು ಮೀರಬಾರದು, ಮುಳುಗಲು ಇನ್ನೂ ಬೇಕೆಂದರೆ ಮೂಳೆ ಬೇಯಿಸಿದ ನೀರು ಹಾಕಿ.

ಇನ್ನು ನಮ್ಮ ಅಂಗಡಿಗಳಲ್ಲಿ ಸಿಗುವುದರ ಮಾತು. ಬೆಂಗಳೂರಿನದೇ ಆದ ಯುನೈಟೆಡ್ ಬ್ರೂವರೀಸಿನ ಕಿಂಗ್‌ಫಿಷರ್ ಪ್ರೀಮಿಯಂನಂಥ ಮೈಲ್ಡ್ ಲಾಗರ್ ಯಾವ ಊರಿನ ವೈನ್ ಶಾಪಿನಲ್ಲೂ ಇರುತ್ತದೆ. ಕಹಿ ಕಡಿಮೆ, ಮಾಲ್ಟೂ ಕಡಿಮೆ. ಕೆಡಿಸುವುದಿಲ್ಲ, ಹೆಚ್ಚೇನೂ ಕೊಡುವುದೂ ಇಲ್ಲ. ಚಿಕನ್ನಿಗೆ, ಮೀನು ಕರಿಯುವ ಹಿಟ್ಟಿಗೆ ಸಾಕು. ಹಿಟ್ಟಿಗಂತೂ ಇದೇ ಸರಿ: ಅಲ್ಲಿ ಬೇಕಿರುವುದು ರುಚಿಗಿಂತ ಗ್ಯಾಸು. ತಣ್ಣಗಿನ ಬಿಯರಿನ ಗುಳ್ಳೆಗಳು ಹಿಟ್ಟನ್ನು ಹಗುರ ಮಾಡುತ್ತವೆ, ಆಲ್ಕೊಹಾಲು ಎಣ್ಣೆಯಲ್ಲಿ ನೀರಿಗಿಂತ ಬೇಗ ಹಾರಿ ಮೇಲ್ಪದರ ಗರಿಗರಿಯಾಗುತ್ತದೆ.

ಸ್ಟ್ರಾಂಗ್ ಬಿಯರನ್ನು ನಾನು ಅಡುಗೆಗೆ ಶಿಫಾರಸು ಮಾಡುವುದಿಲ್ಲ. ‘ಸ್ಟ್ರಾಂಗ್’ ಎಂದರೆ ರುಚಿಯೂ ಸ್ಟ್ರಾಂಗ್ ಎಂದು ಅನೇಕರ ಲೆಕ್ಕ. ಅಲ್ಲಿ ಏರಿರುವುದು ಆಲ್ಕೊಹಾಲು ಮಾತ್ರ, ಶೇ 8ರವರೆಗೆ. ಅದನ್ನು ಏರಿಸಲು ಅಕ್ಕಿ, ಮುಸುಕಿನ ಜೋಳ, ಸಕ್ಕರೆ ಪಾಕ ಸೇರಿಸುವುದು ರೂಢಿ. ಅವು ಯೀಸ್ಟಿಗೆ ಆಹಾರವಾಗಿ ಆಲ್ಕೊಹಾಲಾಗುತ್ತವೆ, ರುಚಿಯಾಗಿ ಉಳಿಯುವುದಿಲ್ಲ. ಕುದಿಸಿ ಆಲ್ಕೊಹಾಲು ಹೋದ ಮೇಲೆ ಕೈಗೆ ಸಿಗುವುದು ತೆಳು ನೀರು. ಶಿಮೇಯಂಥ ಬಿಯರಿನಲ್ಲೂ ಆಲ್ಕೊಹಾಲು ಇಷ್ಟೇ ಇರಬಹುದು, ಆದರೆ ಅದರ ಹಿಂದೆ ಹುರಿದ ಮಾಲ್ಟಿನ ದಂಡೇ ಇರುತ್ತದೆ.

ಗೋಧಿ ಬಿಯರುಗಳಲ್ಲಿ ಕಹಿ ಕಡಿಮೆ ಇರುವುದರಿಂದ ಅವು ಹೊಸಬರಿಗೆ ಅಪಾಯವಿಲ್ಲದ ಆಯ್ಕೆ. ಅದರಲ್ಲೂ ಬೆಲ್ಜಿಯಂ ಶೈಲಿಯ ವಿಟ್ ಬಿಯರಿಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿರುತ್ತಾರೆ. ಹೂಗಾರ್ಡನ್ ಊರಿನಲ್ಲಿ ನಿಂತೇ ಹೋಗಿದ್ದ ಈ ಶೈಲಿಯನ್ನು ಪಿಯೆರ್ ಸೆಲಿಸ್ ಎಂಬವರು 1966ರಲ್ಲಿ ಮತ್ತೆ ಶುರುಮಾಡಿದರು. ಆ ಊರಿನ ಹೆಸರಿನ ಬಿಯರು ಈಗ ನಮ್ಮಲ್ಲೂ ಸಿಗುತ್ತದೆ. ಕೊತ್ತಂಬರಿ ಬೀಜದ ಮಸಾಲೆಗೆ ಒಗ್ಗಿದ ನಮಗೆ ಇದು ಪರಕೀಯ ಅನ್ನಿಸುವುದಿಲ್ಲ. ಇದರ ಸೊಗಸಿರುವುದು ಹಾರಿಹೋಗುವ ಘಮದಲ್ಲಿ, ಆದ್ದರಿಂದ ಎರಡು ಗಂಟೆ ಬೇಯುವ ಮಟನ್ನಿಗೆ ಹಾಕಿದರೆ ದಂಡ. ಬೇಗ ಬೇಯುವ ಚಿಕನ್ನಿಗೆ ಕೊನೆಯ ಹತ್ತು ನಿಮಿಷಕ್ಕೆ ಹಾಕಿ. ಕರಾವಳಿಯವರು ಮರುವಾಯಿಯನ್ನು ಬೆಳ್ಳುಳ್ಳಿ, ಬೆಣ್ಣೆಯ ಜೊತೆ ಇದರ ಹಬೆಯಲ್ಲಿ ಬಾಯಿ ಬಿಡಿಸಿ ನೋಡಬಹುದು. ಬೆಲ್ಜಿಯಮ್ಮಿನವರು ಚಿಪ್ಪುಗಳನ್ನು ಹಾಗೆ ಬೇಯಿಸುವುದುಂಟು.

ಕಪ್ಪು ಬಿಯರು, ಅಂದರೆ ಸ್ಟೌಟ್, ನೋಡಲು ಮಾಂಸಕ್ಕೇ ಹುಟ್ಟಿದ್ದು ಅನ್ನಿಸುತ್ತದೆ. ಐರ್ಲೆಂಡಿನಲ್ಲಿ ಗಿನ್ನೆಸ್ ಹಾಕಿದ ಸ್ಟ್ಯೂ ಮನೆಮಾತು. ಆದರೆ ಇಲ್ಲಿ ಕಹಿಗೆ ಎರಡು ಬಾಯಿ: ಒಂದು ಹಾಪ್ಸಿನದು, ಇನ್ನೊಂದು ಕಪ್ಪಾಗುವಂತೆ ಹುರಿದ ಬಾರ್ಲಿಯದು. ಹೆಚ್ಚು ಇಂಗಿಸಿದರೆ ಸೀದ ಡಿಕಾಕ್ಷನ್ನಿನ ಒಗರು ಬರುತ್ತದೆ. ಸ್ಟೌಟ್ ಹಾಕುವುದಾದರೆ ಅರ್ಧ ಬಿಯರು, ಅರ್ಧ ಮೂಳೆ ನೀರು, ಮುಚ್ಚಳ ಹಾಕಿದ ಪಾತ್ರೆ. ಕ್ಯಾರೆಟ್ಟು, ಈರುಳ್ಳಿ ತುಸು ಜಾಸ್ತಿಯೇ ಇರಲಿ. ಸಿಕ್ಕರೆ ಡುಂಕೆಲ್ ಎಂಬ ಜರ್ಮನ್ ಶೈಲಿಯ ಗಾಢ ಕಂದು ಬಿಯರು ಇದಕ್ಕಿಂತ ಸಾಧು. ಬವೇರಿಯಾದಲ್ಲಿ ಹಂದಿ ಮಾಂಸವನ್ನು ಓವನ್ನಿನಲ್ಲಿ ಸುಡುವಾಗ ಅದನ್ನೇ ಆಗಾಗ ಮೇಲೆ ಸುರಿಯುತ್ತಾ ಇರುತ್ತಾರೆ. ಮೈಕ್ರೋಬ್ರೂವರಿಗೆ ಹೋದಾಗ ಅದರ ರುಚಿ ನೋಡಿಟ್ಟುಕೊಂಡರೆ ಅಂಗಡಿಯಲ್ಲಿ ಅಂಥದ್ದನ್ನು ಹುಡುಕುವುದು ಸುಲಭ.

ಹಸಿರು ಅಥವಾ ಬಣ್ಣವಿಲ್ಲದ ಬಾಟಲಿಯನ್ನು ಅಂಗಡಿಯ ಮುಂದಿನ ಸಾಲಿನಿಂದ, ಟ್ಯೂಬ್‌ಲೈಟಿನ ಕೆಳಗಿನಿಂದ ಎತ್ತಿಕೊಳ್ಳಬೇಡಿ. ಬೆಳಕು ಬಿದ್ದರೆ ಹಾಪ್ಸಿನ ಕಹಿ ಪದಾರ್ಥವೇ ಒಡೆದು ಗಂಧಕದ ನಾತದ ಸಂಯುಕ್ತವಾಗುತ್ತದೆ. ಕಂದು ಬಾಟಲಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಟಿನ್ ಪೂರ್ತಿಯಾಗಿ.

ನಮ್ಮ ಮಸಾಲೆಯಲ್ಲಿ ಮೆಂತ್ಯ ಇದ್ದರೆ, ಕೊತ್ತಂಬರಿ-ಜೀರಿಗೆಯನ್ನು ಕಪ್ಪಾಗುವಂತೆ ಹುರಿದಿದ್ದರೆ ಬಿಯರಿನಿಂದ ದೂರ ಇರುವುದು ಲೇಸು. ಪಂದಿ ಕರಿಗೆ ಬಿಯರು ಹಾಕಬಹುದೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಖಡಾಖಂಡಿತ, ಬೇಡ. ಕಾಚಂಪುಳಿಯ ಹುಳಿ, ಕಪ್ಪಗೆ ಹುರಿದ ಮಸಾಲೆ, ಕಾಳುಮೆಣಸು ಸೇರಿ ಅದು ಆಗಲೇ ಕಹಿಯ ಗಡಿಯಲ್ಲಿ ನಿಂತಿರುವ ಅಡುಗೆ. ಅದರ ರುಚಿಯೂ ಅದೇ. ಅದನ್ನು ಗಡಿ ದಾಟಿಸುವ ಕೆಲಸ ನಮಗೇಕೆ?

ನೆನೆಹಾಕುವ ವಿಷಯಕ್ಕೆ ಬರೋಣ. ಬಿಯರಿನಲ್ಲಿ ನೆನೆಸಿದರೆ ಮಾಂಸ ಬೆಣ್ಣೆಯಂತಾಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ, ಆದರೆ ಅದಕ್ಕೆ ಆಧಾರ ಕಡಿಮೆ. ಹಸಿ ಪರಂಗಿಕಾಯಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವ ಇದೆ. ಮಾಲ್ಟಿನಲ್ಲೂ ಕಿಣ್ವಗಳಿರುತ್ತವೆ, ಆದರೆ ಬ್ರೂವರಿಯ ಕುದಿತದಲ್ಲಿ ಅವು ಸತ್ತುಹೋಗಿರುತ್ತವೆ. ಹುಳಿಯ ಕಥೆಯೂ ಅಷ್ಟೇ. ಬಿಯರಿನ ಪಿಎಚ್ 4ರಿಂದ 4.5, ಸಂಖ್ಯೆ ಮೊಸರಿನ ಹತ್ತಿರವೇ. ಆದರೆ ಒಟ್ಟು ಆಮ್ಲದ ಪ್ರಮಾಣ ಮೊಸರಿಗಿಂತ ತುಂಬಾ ಕಡಿಮೆ, ಮೊಸರಿನ ಹಾಗೆ ಮಾಂಸಕ್ಕೆ ಮೆತ್ತಿಕೊಳ್ಳುವ ಗುಣವೂ ಇಲ್ಲ. ಶೇ 5ರ ಆಲ್ಕೊಹಾಲು ಮಾಂಸದ ನಾರಿಗೆ ಹೇಳಿಕೊಳ್ಳುವಂಥದ್ದೇನೂ ಮಾಡುವುದಿಲ್ಲ. ರುಚಿ ಇಳಿಯುವುದೂ ಮೇಲಿನ ಕೆಲವು ಮಿಲಿಮೀಟರ್ ಮಾತ್ರ. ಒಳಗೆ ಹೋಗುವುದು ಉಪ್ಪು. ಆದ್ದರಿಂದ ಬಿಯರಿನಲ್ಲಿ ನೆನೆಸುವಾಗ ಉಪ್ಪನ್ನು ಮರೆತರೆ ಬರೀ ಒದ್ದೆ ಮಾಂಸ. ಅರ್ಧ ಕೆಜಿ ತುಂಡುಗಳಿಗೆ ಕಾಲು ಲೀಟರ್ ಬಿಯರು, ಎರಡು ಟೀ ಚಮಚ ಪುಡಿ ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಬೇಕಾದರೆ ಚೂರು ಬೆಲ್ಲ. ನಾಲ್ಕು ಗಂಟೆ ಫ್ರಿಜ್ಜಿನಲ್ಲಿ. ಮೆತ್ತಗಾಗಲೇಬೇಕು ಎಂದಿದ್ದರೆ ಪರಂಗಿಕಾಯಿಯ ತುರಿಯನ್ನೇ ಹಚ್ಚಿ.

ಹಾಗಾದರೆ ಬಿಯರು ಏಕೆ? ಒಂದು, ಮೇಲ್ಮೈಗೆ ಹತ್ತುವ ಮಾಲ್ಟಿನ ಸಕ್ಕರೆ ಕೆಂಡದ ಮೇಲೆ ಬೇಗ ಕಂದಾಗುತ್ತದೆ. ಇನ್ನೊಂದು ನಿಜಕ್ಕೂ ಕುತೂಹಲದ್ದು. ಇದ್ದಿಲ ಕೆಂಡದ ಮೇಲೆ ಮಾಂಸ ಸುಡುವಾಗ ಕೊಬ್ಬು ಹನಿದು ಎದ್ದ ಹೊಗೆಯಿಂದ ಪಿಎಎಚ್ ಎಂಬ ಹಾನಿಕಾರಕ ಸಂಯುಕ್ತಗಳು ಮಾಂಸಕ್ಕೆ ಅಂಟುತ್ತವೆ, ಇವುಗಳಲ್ಲಿ ಕೆಲವು ಕ್ಯಾನ್ಸರ್ ತರಬಲ್ಲವು. ಪೋರ್ಚುಗಲ್ಲಿನ ಪೋರ್ಟೊ ವಿಶ್ವವಿದ್ಯಾಲಯದ ಸಂಶೋಧಕರು ಹಂದಿ ಮಾಂಸವನ್ನು ನಾಲ್ಕು ಗಂಟೆ ಬಗೆಬಗೆಯ ಬಿಯರಿನಲ್ಲಿ ನೆನೆಸಿ ಸುಟ್ಟು ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅವರು ಅಳೆದ ಎಂಟು ಪಿಎಎಚ್‌ಗಳ ಒಟ್ಟು ಪ್ರಮಾಣವನ್ನು ಕಪ್ಪು ಬಿಯರು ಶೇ 53ರಷ್ಟು, ಆಲ್ಕೊಹಾಲಿಲ್ಲದ ಪಿಲ್ಸ್ನರ್ (ತಿಳಿ ಬಣ್ಣದ ಲಾಗರ್) ಶೇ 25ರಷ್ಟು, ಸಾಮಾನ್ಯ ಪಿಲ್ಸ್ನರ್ ಶೇ 13ರಷ್ಟು ಇಳಿಸಿತ್ತು. ಅಂದರೆ ಈ ಕೆಲಸ ಮಾಡಿದ್ದು ಆಲ್ಕೊಹಾಲಲ್ಲ. ಒಂದು ಪ್ರಯೋಗದ ಅಂಕಿ ಹಿಡಿದು ದಿನಾ ಕಬಾಬ್ ತಿನ್ನಲು ಪರವಾನಗಿ ಸಿಕ್ಕಿತು ಎನ್ನಬೇಡಿ. ಆದರೆ ಬಾರ್ಬೆಕ್ಯೂಗೆ ನೆನೆಸುವಾಗ ಲಾಗರ್ ಬದಲು ಕಪ್ಪು ಬಿಯರನ್ನು ಆರಿಸಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ. ಕಹಿಯ ಭಯವೂ ಇಲ್ಲಿಲ್ಲ, ಏಕೆಂದರೆ ಇಂಗಿಸುತ್ತಿಲ್ಲ. ನೆನೆಸಿದ ನೀರು ಚೆಲ್ಲಿಹೋಗುತ್ತದೆ. ಸುಡುವ ಮುಂಚೆ ಬಟ್ಟೆಯಿಂದ ಒತ್ತಿ ಒರೆಸಿ. ಒದ್ದೆ ಮಾಂಸ ಕೆಂಡದ ಮೇಲೂ ಬೇಯುತ್ತದೆಯೇ ಹೊರತು ಕಂದಾಗುವುದಿಲ್ಲ.

ಕೊನೆಗೆ ಆಲ್ಕೊಹಾಲು. ‘ಕುದಿಸಿದರೆ ಎಲ್ಲ ಹೋಗುತ್ತದೆ’ ಎನ್ನುವುದು ಅರ್ಧ ಸತ್ಯ. ಆಲ್ಕೊಹಾಲು ಕುದಿಯುವುದು 78 ಡಿಗ್ರಿಯಲ್ಲಿ ನಿಜ, ಆದರೆ ನೀರಿನ ಜೊತೆ ಬೆರೆತಾಗ ಅದು ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ. 1992ರಲ್ಲಿ ಅಮೆರಿಕದ ಸಂಶೋಧಕರು ಅಳೆದು ಪ್ರಕಟಿಸಿದ್ದು, ಮತ್ತು ಅಲ್ಲಿಂದೀಚೆ ಎಲ್ಲರೂ ಬಳಸುವ ಲೆಕ್ಕ ಇದು: ಕಾಲು ಗಂಟೆ ಬೇಯಿಸಿದರೆ ಶೇ 40ರಷ್ಟು ಉಳಿದಿರುತ್ತದೆ, ಒಂದು ಗಂಟೆಗೆ ಶೇ 25, ಎರಡು ಗಂಟೆಗೆ ಶೇ 10, ಎರಡೂವರೆ ಗಂಟೆಗೆ ಶೇ 5. ಶೇ 5ರ 650 ಮಿಲಿ ಬಾಟಲಿಯಲ್ಲಿ ಶುದ್ಧ ಆಲ್ಕೊಹಾಲು 32 ಮಿಲಿ ಚಿಲ್ಲರೆ. ಎರಡು ಗಂಟೆ ಬೇಯಿಸಿ ಆರು ಜನಕ್ಕೆ ಬಡಿಸಿದರೆ ಒಬ್ಬೊಬ್ಬರಿಗೆ ಅರ್ಧ ಮಿಲಿ. ಕಾಲು ಗಂಟೆಯ ಚಿಕನ್ನಿನಲ್ಲಾದರೆ ಎರಡು ಮಿಲಿಗಿಂತ ಹೆಚ್ಚು. ಅಮಲೇರುವ ಪ್ರಮಾಣವಲ್ಲ, ಸೊನ್ನೆಯೂ ಅಲ್ಲ. ಧರ್ಮದ ಕಾರಣಕ್ಕೆ ಮುಟ್ಟದವರು, ಗರ್ಭಿಣಿಯರು, ಕುಡಿತ ಬಿಟ್ಟವರು, ಆಲ್ಕೊಹಾಲಿಗೆ ಆಗದ ಮಾತ್ರೆ ತೆಗೆದುಕೊಳ್ಳುವವರು ಮನೆಗೆ ಬಂದಿದ್ದರೆ ಬಡಿಸುವ ಮೊದಲೇ ಹೇಳಬೇಕು. ಮಕ್ಕಳಿಗೂ ಬೇರೆಯದನ್ನೇ ಮಾಡಿ. ಅವರೆಲ್ಲರ ಜೊತೆ ಒಂದೇ ಅಡುಗೆ ಆಗಬೇಕೆಂದಿದ್ದರೆ ಆಲ್ಕೊಹಾಲಿಲ್ಲದ ಬಿಯರಿದೆ. ಮಾಲ್ಟೂ ಕಹಿಯೂ ಅದರಲ್ಲಿ ಹಾಗೇ ಇರುತ್ತವೆ. ಲೇಬಲ್ಲಿನಲ್ಲಿ 0.0 ಎಂದಿರುವುದನ್ನೇ ನೋಡಿ ತನ್ನಿ. ನಿಂಬೆ, ಶುಂಠಿ ರುಚಿ ಬೆರೆಸಿ ಸಕ್ಕರೆ ಸುರಿದ ಮಾಲ್ಟ್ ಪಾನೀಯಗಳು ಬೇಡ, ಗ್ರೇವಿ ಶರಬತ್ತಾಗುತ್ತದೆ. ಬಿಯರಿನ ಹೆಸರೇ ಬೇಡ ಎನ್ನುವವರಿಗೆ ಇದೂ ಆಗುವುದಿಲ್ಲ, ಆಗ ಮೂಳೆ ನೀರೇ ಗತಿ.

ಕುಕ್ಕರಿನಲ್ಲಿ ಮಾಡುವವರಿಗೆ ಒಂದು ಮಾತು. ಬಿಯರು ಸುರಿದ ತಕ್ಷಣ ಮುಚ್ಚಳ ಹಾಕಬೇಡಿ. ನೊರೆ ಉಕ್ಕಿ ವೆಯ್ಟ್ ಕೂರುವ ರಂಧ್ರಕ್ಕೆ ಸಿಕ್ಕಿಕೊಂಡರೆ ಅಪಾಯ, ಮುಚ್ಚಿದ ಪಾತ್ರೆಯಿಂದ ಆಲ್ಕೊಹಾಲೂ ಸರಿಯಾಗಿ ಹೊರಹೋಗುವುದಿಲ್ಲ. ಮುಚ್ಚಳ ತೆಗೆದೇ ಹತ್ತು ಹದಿನೈದು ನಿಮಿಷ ಕುದಿಸಿ, ನೊರೆ ಪೂರ್ತಿ ಇಳಿಯಲಿ. ಆಮೇಲೆ ಮೂಳೆ ನೀರು ಸೇರಿಸಿ, ಕುಕ್ಕರಿನ ಅರ್ಧಕ್ಕಿಂತ ಮೇಲೆ ಬಾರದಂತೆ ನೋಡಿಕೊಂಡು ಮುಚ್ಚಿ. ಸೀಟಿ ಇಳಿದ ಮೇಲೆ ತೆರೆದು ರುಚಿ ನೋಡಿ: ಕಹಿ ಮುಂದಿದ್ದರೆ ಮೊದಲು ಉಪ್ಪು ಸರಿಮಾಡಿ, ಆಮೇಲೆ ಬೆಲ್ಲ, ಕೊನೆಗೆ ನಾಲ್ಕು ಹನಿ ವಿನೆಗರ್.